ಪ್ರಶ್ನೆ ಏಳು: ನೀರಿಗೆ ವಾಸನೆ ಇದೆಯೇ?

ಮೈಲಾಪೂರ್
10 ಜೂನ್ 2024

ಪೆಟ್ರೋಲ್ ಬಂಕಿನಲ್ಲಿ ಗುಂಡಿ ತೋಡಿಸುತ್ತಿರುವ ಹುಡುಗಿಗೆ,

ನಿನ್ನ ಹೆಸರು ನನಗೆ ಗೊತ್ತಿಲ್ಲ. ನಿನ್ನ ಕೈಚೀಲದ ಮೇಲೆ ನಂಜನಗೂಡಿನ ಜವಳಿ ಅಂಗಡಿಯೊಂದರ ಹೆಸರು ಕನ್ನಡದಲ್ಲಿದೆ. ನಮ್ಮ ಮಹಡಿ ಕಿಟಕಿಯಿಂದ ಮೂರು ದಿನ ಅದನ್ನು ಓದಿ, ಖಚಿತ ಮಾಡಿಕೊಂಡೇ ಈ ಕಾಗದ ಬರೆಯುತ್ತಿದ್ದೇನೆ. ನಾನು ಬಂಕಿನ ಹಿಂದಿನ ಹಳೇ ಮನೆಯವಳು. ವಯಸ್ಸು ಎಪ್ಪತ್ತನಾಲ್ಕು. ಫೋನಿನಲ್ಲಿ ನನಗೆ ಕಿವಿ ಕೇಳದು. ಅದಕ್ಕೇ ಇದನ್ನು ಬಂಕಿನ ದೂರು ಪೆಟ್ಟಿಗೆಗೆ ಹಾಕುತ್ತೇನೆ. ಆ ಪೆಟ್ಟಿಗೆಯನ್ನು ಯಾರಾದರೂ ತೆರೆಯುತ್ತಾರೋ ಇಲ್ಲವೋ ಎಂಬುದೂ ಈ ನೆಪದಲ್ಲಿ ಗೊತ್ತಾಗಲಿ.

ಆರು ಗುಂಡಿ ತೋಡಿಸಿ, ಆರಕ್ಕೂ ಕಬ್ಬಿಣದ ಮುಚ್ಚಳ ಹಾಕಿಸಿದ್ದೀಯ. ದಿನಾ ಬೆಳಿಗ್ಗೆ ಒಂದೊಂದಕ್ಕೂ ಉದ್ದದ ಟೇಪು ಇಳಿಸುತ್ತೀಯ. ಅದು ಕೀ ಅನ್ನುತ್ತದಂತೆ, ನೀನು ಏನೋ ಬರೆದುಕೊಳ್ಳುತ್ತೀಯ. ಒಳಗೆ ಏನಿದೆ? ನನಗೆ ತಿಳಿದುಕೊಳ್ಳದೆ ಊಟ ಸೇರುತ್ತಿಲ್ಲ.

ನಿಮ್ಮ ಕಂಪನಿಯವನೊಬ್ಬ ಒಂದು ಕಡೆ ತಮಿಳು, ಒಂದು ಕಡೆ ಇಂಗ್ಲಿಷು ಇರುವ ನಮೂನೆ ಕೊಟ್ಟು ಹೋದ. ಪರೀಕ್ಷೆ ಆಗುವ ತನಕ ಬಾವಿ ನೀರು ಬಳಸಬೇಡಿ ಎಂದು ಅದರಲ್ಲಿದೆ. ಮಗ ಗುರುಚರಣ, “ಅಮ್ಮಾ, ಕಾರ್ಪೊರೇಷನ್ ತಣ್ಣಿ ಇರುಕ್ಕೇ, ವಿಡೇನ್” ಎನ್ನುತ್ತಾನೆ, ನಲ್ಲಿ ನೀರಿದೆಯಲ್ಲ, ಬಾವಿ ನೀರು ಬಿಡು ಎಂದು. ಬಿಡುವುದಕ್ಕೆ ಅದೇನು ಬೀಡಿಯೇ? ನಮ್ಮ ಮನೆಯಲ್ಲಿ ಮಡಿ ಅಡುಗೆ, ದೇವರ ಪೂಜೆ ಎರಡಕ್ಕೂ ಆ ಬಾವಿ ನೀರೇ. ನಲ್ಲಿ ನೀರು ದೇವರ ಮನೆ ಹೊಸಿಲು ದಾಟಿದ್ದಿಲ್ಲ. ಆ ನಮೂನೆಯ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಕಳುಹಿಸು. ಆಗ ಉತ್ತರ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ.

ಇಂತಿ,
ನೀರಜಾ


ಬಂಕಿನ ಶೆಡ್ಡು
13 ಜೂನ್ 2024

ನೀರಜಾ ಅಮ್ಮನವರಿಗೆ ತನುಶ್ರೀಯ ನಮಸ್ಕಾರ.

ದೂರು ಪೆಟ್ಟಿಗೆಯನ್ನು ನಿನ್ನೆ ತೆರೆದರು. ಬೀಗದ ಕೈ ಹುಡುಕಲು ಅರ್ಧ ದಿನ ಹಿಡಿಯಿತು. ಒಳಗೆ ನಿಮ್ಮ ಕಾಗದ ಮತ್ತು ಸತ್ತ ಹಲ್ಲಿ, ಎರಡೇ ಇದ್ದವು.

ನೆಲದಡಿ ಪೆಟ್ರೋಲಿನ ಟ್ಯಾಂಕು ಇದೆಯಲ್ಲ, ಅದರ ಪೈಪಿನ ಒಂದು ಕೀಲು ಸಡಿಲವಾಗಿ ತಿಂಗಳುಗಟ್ಟಲೆ ಸೋರಿದೆ. ಪೆಟ್ರೋಲು ಮಣ್ಣಿನೊಳಗೆ ಇಳಿದು, ಅಂತರ್ಜಲ ಸಿಕ್ಕಿದಾಗ ಅದರ ಮೇಲೆ ತೇಲುತ್ತದೆ. ಅದರಲ್ಲಿರುವ ಬೆಂಜೀನ್ ಎಂಬ ಕೆಟ್ಟ ಅಂಶ ನೀರಿನಲ್ಲಿ ಕರಗಿ, ನೀರು ಹೋದ ಕಡೆ ಹೋಗುತ್ತದೆ. ವರ್ಷಗಟ್ಟಲೆ ಕುಡಿದರೆ ರಕ್ತವನ್ನೇ ಕೆಡಿಸುತ್ತದೆ. ಆ ಆರು ಗುಂಡಿಗಳು ನಮ್ಮ ಕಾವಲು ಬಾವಿಗಳು. ಟೇಪು ನೀರು ಮುಟ್ಟಿದಾಗ ಕೂಗುತ್ತದೆ. ಆರು ಕಡೆಯ ಮಟ್ಟ ಹೋಲಿಸಿದರೆ ನೆಲದಡಿಯ ನೀರು ಯಾವ ಕಡೆ ಹರಿಯುತ್ತಿದೆ ಎಂದು ಗೊತ್ತಾಗುತ್ತದೆ. ಅದು ಪೂರ್ವಕ್ಕೆ, ಅಂದರೆ ನಿಮ್ಮ ಮನೆ ಕಡೆಗೇ ಹರಿಯುತ್ತಿದೆ. ಆದರೆ ನಡುವೆ ಜೇಡಿಮಣ್ಣಿನ ಪದರವಿದೆ, ದಾಟುವುದಿಲ್ಲ ಎನ್ನುತ್ತಾರೆ ನಮ್ಮ ಮೇಲಧಿಕಾರಿ ಅರವಿಂದ್ ಸರ್. ನನಗೆ ಅಷ್ಟು ಧೈರ್ಯವಿಲ್ಲ.

ಇಂಗ್ಲಿಷ್ ನಮೂನೆಯ ಎಂಟೂ ಪ್ರಶ್ನೆಗಳನ್ನು ಕನ್ನಡ ಮಾಡಿ ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಏಳನೆಯದನ್ನು ಯೋಚಿಸಿ ಉತ್ತರಿಸಿ: ನೀರಿಗೆ ವಾಸನೆ ಇದೆಯೇ? ಇದ್ದರೆ ಎಂದಿನಿಂದ? ನಾನು ಬಂದು ಒಂದು ಸೀಸೆ ನೀರು ತೆಗೆದುಕೊಳ್ಳಬಹುದೇ? ಅಲ್ಲಿಯವರೆಗೆ ದಯವಿಟ್ಟು ಕುಡಿಯಬೇಡಿ.

ನಿಮ್ಮ,
ತನುಶ್ರೀ


ಮೈಲಾಪೂರ್
15 ಜೂನ್ 2024

ಚಿ. ತನುಶ್ರೀಗೆ,

ಏಳನೆಯದಕ್ಕೆ ಮೊದಲು ಉತ್ತರ. ವಾಸನೆ ಇದೆ. ನಾನು 1970ರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗಲೇ ಇತ್ತು. ಬೆಳಗಿನ ಮೊದಲ ಕೊಡದಲ್ಲಿ ಜಾಸ್ತಿ. ಐಪ್ಪಸಿ ತಿಂಗಳ ಮಳೆ ಹಿಡಿದು ನೀರು ಮೇಲೆ ಬಂದರೆ ಇನ್ನೂ ಜಾಸ್ತಿ. ಮನೆಗೆ ಬಂದವರು ಒಂದು ಲೋಟ ಕುಡಿದರೆ ಅದರ ಮಾತೇ ಆಡುತ್ತಾರೆ. ಮಿಕ್ಕ ಏಳು ಪ್ರಶ್ನೆಗಳಿಗೂ ಉತ್ತರ ಜೊತೆಗಿದೆ.

ಸೀಸೆಯ ವಿಷಯ ಕಷ್ಟ. ಮಡಿಯಲ್ಲಿ ಇಲ್ಲದವರು ನಮ್ಮ ಬಾವಿ ಹಗ್ಗ ಮುಟ್ಟುವಂತಿಲ್ಲ. ಗುರುಚರಣನೇ ಮುಟ್ಟುವಂತಿಲ್ಲ. ನಿನ್ನ ಸೀಸೆ ಎಲ್ಲೆಲ್ಲಿ ಏನೇನು ಮುಟ್ಟಿಕೊಂಡು ಬರುತ್ತದೋ ಯಾರಿಗೆ ಗೊತ್ತು? ನೀನು ನಂಜನಗೂಡಿನವಳೇ? ಯಾರ ಪೈಕಿ?

ಆಶೀರ್ವಾದಗಳೊಂದಿಗೆ,
ನೀರಜಾ


ಬಂಕಿನ ಶೆಡ್ಡು
19 ಜೂನ್ 2024

ಅಮ್ಮಾ,

ಐವತ್ತನಾಲ್ಕು ವರ್ಷದಿಂದ ವಾಸನೆಯೇ! ನಿಮ್ಮ ಕಾಗದ ಓದಿ ನಾನು ಬಂಕಿನ ಹಳೆಯ ನಕ್ಷೆಗಳನ್ನೆಲ್ಲ ತೆಗೆಸಿದೆ. ಈಗಿನ ಟ್ಯಾಂಕು ಹೂತದ್ದು 2003ರಲ್ಲಿ. ಅದಕ್ಕೂ ಮುಂಚೆ ಇನ್ನೊಂದು ಇತ್ತಂತೆ, ಅದು ಎಲ್ಲಿತ್ತು ಎಂದು ಯಾರಿಗೂ ನೆನಪಿಲ್ಲ. ಅರವಿಂದ್ ಸರ್ ನಗುತ್ತಾರೆ. “ಮೂಗು ನಮ್ಮ ಉಪಕರಣಗಳ ಪಟ್ಟಿಯಲ್ಲಿಲ್ಲ ಕಣಮ್ಮ” ಎಂದರು. ನಗಲಿ. ನನಗಂತೂ ಇದರ ಬುಡ ನೋಡಲೇಬೇಕು ಎನ್ನಿಸಿದೆ.

ಸೀಸೆಯ ವಿಷಯ: ನನ್ನದೂ ಒಂದು ಮಡಿ ಇದೆ, ಕೇಳಿ. ನೀರು ಹಿಡಿಯುವ ದಿನ ನಾನು ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಂತಿಲ್ಲ. ಸೆಂಟು, ಸ್ನೋ, ಉಗುರುಬಣ್ಣ ಯಾವುದೂ ಕೂಡದು. ಒಂದೊಂದು ಸೀಸೆಗೂ ಹೊಸ ಕೈಗವಸು. ಒಂದು ಬಾವಿಗೆ ಇಳಿದ ಹಗ್ಗ ಇನ್ನೊಂದಕ್ಕೆ ಇಳಿಯುವಂತಿಲ್ಲ. ನಿಂತ ನೀರನ್ನು ಸೇದಿ ಚೆಲ್ಲಿ, ಹೊಸ ನೀರನ್ನು ಮಾತ್ರ ಹಿಡಿಯಬೇಕು. ಒಂದು ಗುಳ್ಳೆಯೂ ಇಲ್ಲದಂತೆ ಕಂಠಪೂರ್ತಿ ತುಂಬಬೇಕು. ಮುಚ್ಚಳದ ಒಳಮೈಗೆ ಕೈ ಸೋಕಿದರೆ ಸೀಸೆ ಹೊರಗೆ.

ನೀವೇ ಸೇದಿ, ನಾನು ಮುಟ್ಟುವುದಿಲ್ಲ. ನಿಮ್ಮ ಕೊಡದಿಂದ ನನ್ನ ಸೀಸೆಗೆ ನೀವೇ ಸುರಿಯಿರಿ. ಯಾರ ಪೈಕಿ ಎಂದು ಕೇಳಿದ್ದೀರಿ. ನಾನು ಬಸ್ ಕಂಡಕ್ಟರ್ ಶಿವರಾಮು ಅವರ ಮಗಳು. ಇಷ್ಟು ಸಾಕಲ್ಲವೇ?

ತನುಶ್ರೀ


ಮೈಲಾಪೂರ್
27 ಜೂನ್ 2024

ಚಿ. ತನುಶ್ರೀಗೆ,

ನಿನ್ನೆ ನಿನ್ನ ಕೆಲಸ ನೋಡಿ ನನಗೆ ನಾಚಿಕೆಯಾಯಿತು. ನನ್ನ ಮಡಿಗಿಂತ ನಿನ್ನದು ಬಿಗಿ. ನಾನು ಸುರಿಯುವಾಗ ನನ್ನ ಸೆರಗಿನ ತುದಿ ಸೀಸೆಗೆ ತಗುಲಿತು ಎಂದು ನೀನು ಅದನ್ನು ಎತ್ತಿಟ್ಟು ಬೇರೆ ತೆಗೆದೆ! ಒಗೆದು ಒಣಗಿಸಿದ ಮಡಿ ಸೀರೆ ಅದು. ಈ ಮನೆಗೆ ಬಂದ ಮೇಲೆ ನನ್ನನ್ನು ಮೈಲಿಗೆ ಎಂದವಳು ನೀನೊಬ್ಬಳೇ.

ಒಂದು ಪ್ರಶ್ನೆ. ನಿನ್ನ ಐಸು ಡಬ್ಬದಲ್ಲಿ ನೀರು ತುಂಬಿದ ಸೀಸೆಯೊಂದು ಆಗಲೇ ಇತ್ತು. ಅದನ್ನು ನೀನು ತೆರೆಯಲೂ ಇಲ್ಲ, ಮುಟ್ಟಲೂ ಇಲ್ಲ. ಅದು ಯಾರದು?

ನಿನ್ನನ್ನು ಪಕ್ಕದ ಓಣಿಯಿಂದ ಸುತ್ತಿಸಿ ಬಾವಿಗೆ ಕರೆದುಕೊಂಡು ಹೋದೆ. ಹೊರಗಿನವರನ್ನೆಲ್ಲ ಹಾಗೆಯೇ ಕರೆದೊಯ್ಯುವುದು. ನೀನೇನೂ ಅಂದುಕೊಂಡಿಲ್ಲ ತಾನೇ?

ನೀರಜಾ


ಬಂಕಿನ ಶೆಡ್ಡು
12 ಜುಲೈ 2024

ಅಮ್ಮಾ,

ಫಲಿತಾಂಶ ಬಂತು. ನಿಮ್ಮ ನೀರಿನಲ್ಲಿ ಪೆಟ್ರೋಲಿನ ಸುಳಿವೇ ಇಲ್ಲ. ಸಂತೋಷಪಡಬೇಕು, ಆದರೆ ನನಗೆ ತಲೆ ಕೆಟ್ಟಿದೆ. ಇಷ್ಟು ವಾಸನೆ ಇರುವ ನೀರಿನಲ್ಲಿ ಏನೂ ಇಲ್ಲವೆಂದರೆ ಹೇಗೆ? ಆ ದಿನ ಕೈಗವಸಿನ ರಬ್ಬರ್ ವಾಸನೆಯಲ್ಲಿ ನನ್ನ ಮೂಗಿಗೆ ಬೇರೇನೂ ತಿಳಿಯಲಿಲ್ಲ. ಆಗಸ್ಟಿನಲ್ಲಿ ಇನ್ನೊಮ್ಮೆ ಹಿಡಿಯೋಣ.

ಆ ತೆರೆಯದ ಸೀಸೆ ನಮ್ಮ ಸಾಕ್ಷಿ. ಲ್ಯಾಬಿನಲ್ಲಿ ಯಂತ್ರ ಬಸಿದ ಶುದ್ಧ ನೀರು, ಅಲ್ಲೇ ಮುಚ್ಚಿ ಕಳುಹಿಸಿರುತ್ತಾರೆ. ಅದು ಮಿಕ್ಕ ಸೀಸೆಗಳ ಜೊತೆ ಹೋಗಿ, ಜೊತೆಯಲ್ಲೇ ವಾಪಸು ಬರಬೇಕು. ಅದರಲ್ಲೂ ಪೆಟ್ರೋಲ್ ಸಿಕ್ಕರೆ ತಪ್ಪು ಬಾವಿಯದಲ್ಲ, ನಮ್ಮ ಡಬ್ಬದ್ದು ಎಂದರ್ಥ.

ಜುಲೈ ಒಂದರಿಂದ ಬಂಕಿನಲ್ಲಿ ಮೋಟಾರು ಇಟ್ಟು ಕೆಟ್ಟ ನೀರನ್ನು ಮೇಲೆತ್ತಿ, ಇದ್ದಿಲಿನಲ್ಲಿ ಸೋಸುತ್ತಿದ್ದೇವೆ. ಹಗಲೂ ರಾತ್ರಿ ಗುಯ್ ಎನ್ನುವುದು ಅದೇ.

ಓಣಿಯ ಬಗ್ಗೆ ಕೇಳಿದಿರಿ. ಅಂದುಕೊಂಡೆ ಅಮ್ಮ. ಸುಳ್ಳು ಹೇಳಲಾರೆ.

ತನುಶ್ರೀ


ಮೈಲಾಪೂರ್
20 ಆಗಸ್ಟ್ 2024

ಚಿ. ತನುಶ್ರೀಗೆ,

ಬಹಳ ದಿನ ಬರೆಯಲಿಲ್ಲ. ನಿನ್ನ ಕೊನೆಯ ಸಾಲನ್ನು ಮತ್ತೆ ಮತ್ತೆ ತೆಗೆದು ಓದಿದೆ.

ಹೋದ ವಾರ ಎರಡನೆಯ ಸಲ ನೀರು ಹಿಡಿಯಲು ಬಂದಾಗ ನೀನು ಸೀಸೆ ಮುಚ್ಚಿದ ಕೂಡಲೇ ಹೊರಟುಬಿಟ್ಟೆ. ಆದ್ದರಿಂದ ಬರೆದು ತಿಳಿಸುತ್ತೇನೆ: ಹದಿನೈದು ಇಪ್ಪತ್ತು ದಿನದಿಂದ ನೀರಿನ ವಾಸನೆ ಹೋಗಿದೆ. ಪೂರ್ತಿ ಹೋಗಿದೆ. ನೀನು ಕೇಳಿದ್ದರಿಂದ ಹೇಳಿದೆ ಅಷ್ಟೆ.

ನೀರಜಾ


ಬಂಕಿನ ಶೆಡ್ಡು
26 ಆಗಸ್ಟ್ 2024

ಅಮ್ಮಾ,

ಇದಕ್ಕಿಂತ ಒಳ್ಳೆಯ ಸುದ್ದಿ ಉಂಟೇ! ಎರಡನೆಯ ಫಲಿತಾಂಶವೂ ಶುದ್ಧ. “ವಾಸನೆಯ ದೂರು ಬಗೆಹರಿದಿದೆ, ಮನೆಯವರೇ ಲಿಖಿತವಾಗಿ ತಿಳಿಸಿದ್ದಾರೆ” ಎಂದು ವರದಿ ಬರೆದು ಕೊಟ್ಟೆ. ನಿಮ್ಮ ಮನೆಯನ್ನು ಪರೀಕ್ಷೆಯ ಪಟ್ಟಿಯಿಂದ ತೆಗೆದರು. ಬಂಕಿನೊಳಗೂ ತೇಲುತ್ತಿದ್ದ ಪೆಟ್ರೋಲು ಮುಗಿದಿದೆ. ಸೆಪ್ಟೆಂಬರ್ ಮೂವತ್ತಕ್ಕೆ ಮೋಟಾರು ನಿಲ್ಲಿಸುತ್ತಾರೆ. ಇನ್ನು ಧಾರಾಳವಾಗಿ ನೀರು ಬಳಸಿ. ನೀವು ಒಂದು ದಿನವೂ ನಿಲ್ಲಿಸಿರಲಿಲ್ಲ ಎಂಬುದು ನನಗೆ ಗೊತ್ತು.

ತನುಶ್ರೀ


ವಡಪಳನಿ
4 ಅಕ್ಟೋಬರ್ 2024

ಅಮ್ಮಾ,

ಇಂದು ಮಧ್ಯಾಹ್ನ ಲ್ಯಾಬಿನಲ್ಲಿ ನಡೆದದ್ದನ್ನು ನನ್ನ ರೂಮಿಗೆ ಬಂದ ಕೂಡಲೇ ಹೇಳಿಬಿಡುತ್ತೇನೆ. ಊರಿಂದ ಬಂದ ಹುರುಳಿಕಾಳಿನಲ್ಲಿ ಬಸ್ಸಾರು ಮಾಡಿ ತೆಗೆದುಕೊಂಡು ಹೋಗಿದ್ದೆ. ಡಬ್ಬಿ ತೆರೆದ ಕೂಡಲೇ, ನೀರು ಪರೀಕ್ಷೆ ಮಾಡುವ ಸುಮತಿ, “ಅಡಿಯೇ! ಎನ್ನ ವಾಸನೈ!” ಎಂದಳು. ನನಗೆ ಮುಖಕ್ಕೆ ಹೊಡೆದಂತಾಯಿತು. ಹುರುಳಿ ಬಸ್ಸಾರಿಗೆ ಮೂಗು ಮುಚ್ಚಿಕೊಂಡವರನ್ನು ಹಾಸ್ಟೆಲಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಡಬ್ಬಿ ಮುಚ್ಚಿ ಎದ್ದುಬಿಟ್ಟೆ. ಅವಳು ಕಕ್ಕಾಬಿಕ್ಕಿಯಾಗಿ, “ಯೇನ್ ಡೀ ಕೋಪಂ? ನಲ್ಲಾ ಇರುಕ್ಕುನ್ನು ದಾನೇ ಸೊನ್ನೇನ್” ಎಂದು ನನ್ನ ಹಿಂದೆಯೇ ಬಂದಳು.

ಚೆನ್ನಾಗಿದೆ ಎಂದು ತಾನೇ ಹೇಳಿದ್ದು!

ಅಮ್ಮಾ, ನಮ್ಮೂರಲ್ಲಿ ವಾಸನೆ ಎಂದರೆ ಕೆಟ್ಟದ್ದು. ಕೊಳೆತದ್ದು, ಹಳಸಿದ್ದು. ಒಳ್ಳೆಯದಕ್ಕೆ ನಾವು ಪರಿಮಳ ಎನ್ನುತ್ತೇವೆ, ಘಮ ಎನ್ನುತ್ತೇವೆ. ನಿಮ್ಮ ಮನೆಯಲ್ಲಿ ಹೇಗೆ? ಐವತ್ತನಾಲ್ಕು ವರ್ಷ ನಿಮ್ಮ ಬಾವಿ ನೀರಿಗೆ ಇದ್ದದ್ದು ಏನು? ಆಗಸ್ಟಿನಲ್ಲಿ ಹೋದದ್ದು ಏನು? ಕೂಡಲೇ ಬರೆಯಿರಿ.

ತನುಶ್ರೀ


ಮೈಲಾಪೂರ್
6 ಅಕ್ಟೋಬರ್ 2024

ಚಿ. ತನುಶ್ರೀಗೆ,

ನಿನ್ನ ಕಾಗದ ಓದಿ ನಕ್ಕು ನಕ್ಕು ಕೆಮ್ಮು ಹತ್ತಿತು. ಕೆಟ್ಟದ್ದಕ್ಕೆ ನಾವು ನಾತ ಎನ್ನುವುದು. ವಾಸನೆ ಎಂದರೆ ಮಲ್ಲಿಗೆ ವಾಸನೆ, ತುಪ್ಪದ ವಾಸನೆ. ಮೂರು ತಲೆಮಾರು ಮದರಾಸಿನಲ್ಲಿ ಇದ್ದವರ ಕನ್ನಡ ಇದು. ಎಲ್ಲಾ ಬಿಟ್ಟು ನಮ್ಮ ಬಾವಿಯನ್ನು ನಾರುವ ಬಾವಿ ಎಂದುಕೊಂಡೆಯಾ ಇಷ್ಟು ದಿನ?

ನಮ್ಮ ಮಾವನವರು ಬಾವಿ ಕಟ್ಟೆಯ ಸುತ್ತ ಲಾವಂಚ ನೆಟ್ಟಿದ್ದರು. ಇಲ್ಲಿ ವೆಟ್ಟಿವೇರ್ ಎನ್ನುತ್ತಾರೆ. ಅದರ ಬೇರು ಬಾವಿ ಗೋಡೆಯ ಬಳೆಗಳ ಸಂದಿನಲ್ಲಿ ನುಗ್ಗಿ, ಗಡ್ಡದ ಹಾಗೆ ಒಳಗೆ ಇಳಿಬಿದ್ದಿದೆ. ತುದಿ ನೀರಿನಲ್ಲಿ ನೆನೆಯುತ್ತದೆ. ಆ ವಾಸನೆ. ದೇವರಿಗಿಡುವುದನ್ನು ಮೂಸುವಂತಿಲ್ಲ, ಆದರೆ ಇದು ಮೂಸುವುದೇ ಬೇಡ, ಕೊಡ ಮೇಲೆ ಬರುವಾಗ ತಾನಾಗಿ ಬರುತ್ತದೆ. ಆಗಸ್ಟಿನಲ್ಲಿ ಅದು ನಿಂತಾಗ ಮಾವನವರೇ ಇನ್ನೊಂದು ಸಲ ಹೋದಂತೆ ಆಗಿತ್ತು. ನೀನು ಒಳ್ಳೆಯ ಸುದ್ದಿ ಎಂದು ಕುಣಿದೆ. ನನಗೆ ಸಿಟ್ಟು ಬಂದಿತ್ತು.

ತಪ್ಪು ನನ್ನದೂ ಇದೆ. ಆ ತಮಿಳು ನಮೂನೆಯಲ್ಲಿ ‘ತುರ್ನಾಟ್ರಂ’, ಅಂದರೆ ಕೆಟ್ಟ ನಾತ, ಎಂದು ಸ್ಪಷ್ಟವಾಗಿ ಇತ್ತು. ನಾನು ಅದನ್ನು ಅಂದೇ ಓದಿದ್ದೆ. ಈ ಮನೆಯಲ್ಲಿ ಕನ್ನಡ ಅಕ್ಷರ ಓದುವವಳು ನಾನೊಬ್ಬಳೇ. ಒಂದು ಕನ್ನಡ ಕಾಗದ ಬರಲಿ ಎಂಬ ಆಸೆಗೆ ಹಟ ಹಿಡಿದೆ.

ಸಂತೋಷದ ವಿಷಯ ಕೊನೆಗೆ. ನಿಮ್ಮ ಮೋಟಾರು ನಿಂತ ಮೂರನೆಯ ದಿನಕ್ಕೇ ವಾಸನೆ ವಾಪಸು ಬಂತು!

ನೀರಜಾ


ಬಂಕಿನ ಶೆಡ್ಡು
7 ಅಕ್ಟೋಬರ್ 2024

ಅಮ್ಮಾ,

ಇಂದಿನಿಂದ ಆ ನೀರು ಕುಡಿಯಬೇಡಿ. ಕೈ ಮುಗಿಯುತ್ತೇನೆ.

ಮೋಟಾರು ಓಡಿದಾಗ ವಾಸನೆ ಹೋಯಿತು, ನಿಂತಾಗ ಬಂತು. ಅಂದರೆ ನಮ್ಮ ಮೋಟಾರು ನಿಮ್ಮ ಬಾವಿಯ ನೀರನ್ನೂ ಎಳೆಯುತ್ತಿತ್ತು. ನೀರು ಬೇರಿನ ತುದಿಗಿಂತ ಕೆಳಗೆ ಇಳಿದಿತ್ತು. ಹಾಗಾದರೆ ನಡುವೆ ಜೇಡಿಮಣ್ಣಿನ ತಡೆ ಇಲ್ಲ, ದಾರಿ ಇದೆ. ಮೋಟಾರು ಆ ದಾರಿಯಲ್ಲಿ ನೀರನ್ನು ಬಂಕಿನ ಕಡೆಗೆ ಎಳೆದುಕೊಂಡು, ಬೆಂಜೀನ್ ನಿಮ್ಮ ಕಡೆ ಬಾರದಂತೆ ಹಿಡಿದಿಟ್ಟಿತ್ತು. ಈಗ ಹಿಡಿಯುವವರಿಲ್ಲ.

ಅರವಿಂದ್ ಸರ್‌ಗೆ ಹೇಳಿದೆ. “ನಿಮ್ಮ ವರದಿ ತಪ್ಪು ಅಂತ ನೀವೇ ಬರ್ಕೊಡ್ತೀರಾ? ಒಂದು ಪದ ಅರ್ಥ ಆಗ್ಲಿಲ್ಲ ಅಂತ?” ಎಂದರು. ಬರೆದುಕೊಟ್ಟೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನಾಳೆ ನೀರು ಹಿಡಿಯಲು ಬರುತ್ತೇನೆ.

ತನುಶ್ರೀ


ಮೈಲಾಪೂರ್
9 ಅಕ್ಟೋಬರ್ 2024

ತನುಶ್ರೀಗೆ,

ನಿನ್ನೆ ನೀನು ಕೇಳಿದೆ ಎಂದು ನೀರು ಸೇದಿ ಕೊಟ್ಟೆ. ಆದರೆ ವಾಸನೆ ಇಲ್ಲದಾಗ ಒಳ್ಳೆಯದು, ಘಮ್ಮೆನ್ನುವಾಗ ವಿಷ ಎಂದರೆ ನಾನು ಒಪ್ಪುವುದಿಲ್ಲ. ಎರಡು ತಿಂಗಳ ಮೇಲೆ ಮಾವನವರ ನೀರು ನನಗೆ ವಾಪಸು ಸಿಕ್ಕಿದೆ.

ನೀರಜಾ


ಬಂಕಿನ ಶೆಡ್ಡು
19 ಅಕ್ಟೋಬರ್ 2024

ಅಮ್ಮಾ,

ಫಲಿತಾಂಶ ಬಂದಿದೆ. ಬೆಂಜೀನ್ ಇದೆ, ಕುಡಿಯುವ ನೀರಿನ ಮಿತಿಯ ಮೂರರಷ್ಟು. ಅದರ ಅಂಚು ನಿಮ್ಮ ಹಿತ್ತಲ ಗೋಡೆಯ ಹತ್ತಿರವೇ ಕಾದಿದ್ದಿರಬೇಕು. ಇಷ್ಟು ಸಣ್ಣ ಪ್ರಮಾಣ ಯಾರ ಮೂಗಿಗೂ ತಿಳಿಯುವುದಿಲ್ಲ, ಲಾವಂಚ ಇರಲಿ ಇಲ್ಲದಿರಲಿ. ತೆರೆಯದ ಸೀಸೆ ಶುದ್ಧವಾಗಿತ್ತು, ಆದ್ದರಿಂದ ಅನುಮಾನವಿಲ್ಲ.

ನಿನ್ನೆ ಮೋಟಾರು ಮತ್ತೆ ಶುರು ಮಾಡಿಸಿದ್ದೇವೆ. ನನ್ನ ಕೆಲಸ ಉಳಿಯಿತು. ಎರಡು ವರ್ಷವಾದರೂ ಮೋಟಾರು ಓಡಬೇಕು. ಅಲ್ಲಿಯವರೆಗೆ ನಿಮ್ಮ ನೀರಿಗೆ ವಾಸನೆ ಇಲ್ಲದಿದ್ದರೆ ಮೋಟಾರು ಕೆಲಸ ಮಾಡುತ್ತಿದೆ ಎಂದರ್ಥ. ನೀವು ಎಷ್ಟು ದಿನ ಕುಡಿದಿರಿ? ನಿಜ ಹೇಳಿ.

ತನುಶ್ರೀ


ಮೈಲಾಪೂರ್
3 ನವೆಂಬರ್ 2024

ಚಿ. ತನುಶ್ರೀಗೆ,

ಹದಿನೇಳು ದಿನ. ನಾನು ಮಾತ್ರ. ಗುರುಚರಣ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ. ಏನೂ ಇಲ್ಲವಂತೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಾವಿ ನೀರು ಬಿಟ್ಟಿದ್ದೇನೆ. ಅಡುಗೆಗೆ ನಲ್ಲಿ ನೀರು. ಹೇಗೋ ನುಂಗುತ್ತೇನೆ. ಸಾಲಿಗ್ರಾಮದ ಅಭಿಷೇಕಕ್ಕೆ ಮಾತ್ರ ಕೈ ಏಳುತ್ತಿಲ್ಲ. ಹದಿನೈದು ದಿನದಿಂದ ಬರೀ ತುಳಸಿ ಇಟ್ಟು ನಮಸ್ಕಾರ ಮಾಡುತ್ತಿದ್ದೇನೆ. ರಾಯರ ಮುಂದೆ ನಿಂತು ಏನು ಹೇಳಲಿ ಎಂದು ಯೋಚಿಸುವಾಗ ನಿನ್ನ ಸೀಸೆ ನೆನಪಾಯಿತು. ಯಂತ್ರ ಬಸಿದದ್ದು, ಕೈ ಸೋಕದ್ದು, ಯಾರೂ ತೆರೆಯದ್ದು. ಈ ಊರಿನಲ್ಲಿ ಅದಕ್ಕಿಂತ ಮಡಿ ನೀರು ಎಲ್ಲಿದೆ? ಒಂದು ಹೆಚ್ಚಿನ ಸೀಸೆ ಸಿಗುತ್ತದೆಯೇ? ಸಾಲಿಗ್ರಾಮ ನೆಲ್ಲಿಕಾಯಿಯಷ್ಟೇ ಇದೆ. ನೀನು ಹೊತ್ತು ತಂದರೆ ದೋಷವಿಲ್ಲ, ಮುಚ್ಚಳ ಬಿಗಿಯಾಗಿರುತ್ತದಲ್ಲ.

ಇನ್ನೊಂದು. ದಿನಾ ಬೆಳಿಗ್ಗೆ ಒಂದು ಕೊಡ ಸೇದಿ, ಧೈರ್ಯವಾಗಿ ಮೂಸಿ, ವಾಸನೆ ಇದೆಯೇ ಇಲ್ಲವೇ ಎಂದು ಬರೆದಿಡುತ್ತಿದ್ದೇನೆ. ದೇವರಿಗೆ ಇಡದ ನೀರನ್ನು ಮೂಸಲು ಅಡ್ಡಿಯಿಲ್ಲ. ನಿಮ್ಮ ಆರು ಬಾವಿಗಳ ಜೊತೆ ಇದನ್ನು ಏಳನೆಯದು ಎಂದು ಸೇರಿಸಿಕೊ.

ನೀರಜಾ


ಬಂಕಿನ ಶೆಡ್ಡು
18 ಡಿಸೆಂಬರ್ 2024

ಅಮ್ಮಾ,

ಈ ವಾರದ ನಾಲ್ಕು ಸೀಸೆ ಇವು. ಯಾವುದಕ್ಕೆ ಎಂದು ಕೇಳಿದ ಸುಮತಿ, ಹೇಳಿದ ಮೇಲೆ ನಗಲಿಲ್ಲ. ಈಗ ನಾನು ಮರೆತರೂ ಅವಳೇ ತುಂಬಿ ಇಟ್ಟಿರುತ್ತಾಳೆ. ನಿಮ್ಮ ಬಾವಿಯ ಡಿಸೆಂಬರ್ ನೀರು ಶುದ್ಧವಾಗಿದೆ. ಆದರೂ ಕುಡಿಯಬೇಡಿ. ಹೊಸ ನಕ್ಷೆಯಲ್ಲಿ ನಿಮ್ಮ ಬಾವಿಗೆ ಏಳು ಎಂದು ಅಂಕಿ ಹಾಕಿದ್ದಾರೆ. ಉಪಕರಣಗಳ ಪಟ್ಟಿಯಲ್ಲಿ ಅರವಿಂದ್ ಸರ್ ತಾವೇ ಒಂದು ಸಾಲು ಸೇರಿಸಿದರು. ಏನೆಂದು ಹೇಳುವುದಿಲ್ಲ, ನೀವು ಉಬ್ಬಿಹೋಗುತ್ತೀರಿ.

ಪೊಂಗಲಿಗೆ ನಾಲ್ಕು ದಿನ ಶೆಡ್ಡಿನಲ್ಲಿ ಯಾರೂ ಇರುವುದಿಲ್ಲ. ನಾನು ವಡಪಳನಿಯ ರೂಮಿನಲ್ಲೇ ಇರುತ್ತೇನೆ. ಮೋಟಾರು ನಿಂತರೆ ಗಂಟೆ ಹೊಡೆಯುವ ವ್ಯವಸ್ಥೆ ಇದೆ, ಚಿಂತೆ ಬೇಡ.

ತನುಶ್ರೀ


ಮೈಲಾಪೂರ್
16 ಜನವರಿ 2025, ಬೆಳಿಗ್ಗೆ ಆರು ಗಂಟೆ

ತನುಶ್ರೀ,

ವಾಸನೆ ಬರುತ್ತಿದೆ. ನಿನ್ನೆ ಅನುಮಾನವಿತ್ತು, ಈಗ ಇಲ್ಲ. ಗುರುಚರಣ ಬಂಕಿಗೆ ಹೋಗಿ ನೋಡಿದ. ಮೋಟಾರು ನಿಂತಿದೆ, ನಿಮ್ಮ ಗಂಟೆಯೂ ಸತ್ತಿದೆ. ಅವನ ಫೋನಿನಲ್ಲಿ ಇದರ ಫೋಟೋ ತೆಗೆದು ನಿನಗೆ ಕಳುಹಿಸಲು ಹೇಳಿದ್ದೇನೆ. ಪೆಟ್ಟಿಗೆ ತೆರೆಯುವ ತನಕ ಕಾಯುವ ಹೊತ್ತಲ್ಲ ಇದು.

ಕೊಡದ ಮೇಲೆ ಬಗ್ಗಿದಾಗ ಘಮ್ಮೆಂದು ಬಂತು. ಐವತ್ತನಾಲ್ಕು ವರ್ಷ ನನಗೆ ಸುಖ ಕೊಟ್ಟ ವಾಸನೆ. ಇಂದು ಕೊಡ ಕೆಳಗಿಟ್ಟು ಗುರುಚರಣನನ್ನು ಕೂಗಿದೆ.

ಸೀಸೆಗಳನ್ನು ತೆಗೆದುಕೊಂಡು ಬಾ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಬೇಡ. ಇವತ್ತು ನನ್ನಿಂದ ಸೇದಲು ಆಗದು. ಹಗ್ಗ ನೀನೇ ಹಿಡಿ.

ಓಣಿಯಿಂದ ಸುತ್ತಿ ಬರಬೇಡ. ಮುಂಬಾಗಿಲು ತೆಗೆದಿಟ್ಟಿದ್ದೇನೆ. ನಡುಮನೆ ದಾಟಿ, ದೇವರ ಮನೆ ಪಕ್ಕದಲ್ಲೇ ಹಿತ್ತಲಿಗೆ ದಾರಿ. ಒಳಗಿನಿಂದ ಬಾ.

ನೀರಜಾ